ಒಂದೇ ಕುತ್ತಿಗೆ, ಎರಡು ವೇಗ

ಆಕೆ ನಮ್ಮ ಸ್ಕ್ಯಾನ್ ಕೋಣೆಗೆ ಬಂದದ್ದು ಜೂನ್ ಮೂರಕ್ಕೆ. ಅಂದಿನ ಡೈರಿಯಲ್ಲಿ ಒಂದೇ ಸಾಲು ಇದೆ: ‘ಹೊಸ ಡಾಕ್ಟರ್ ಬಂದಳು, ದೋರನಹಳ್ಳಿಯವಳು, ನನಗಿಂತ ಒಂದು ವರ್ಷ ಚಿಕ್ಕವಳು.’ ಹದಿನಾಲ್ಕನೇ ತಾರೀಖಿಗೆ ಬಂದರೆ ಆಕೆಯ ಬಗ್ಗೆ ಒಂದೂವರೆ ಪುಟ. ಜುಲೈ ತಿಂಗಳಲ್ಲಿ ಆಕೆಯ ಪ್ರಸ್ತಾಪವಿಲ್ಲದ ಪುಟಗಳು ಮೂರೇ ಮೂರು, ಅವೂ ನನಗೆ ಜ್ವರ ಬಂದಿದ್ದ ದಿನಗಳವು.

ನಾನು ಸುರಪುರದವಳು. ಎಂಬಿಬಿಎಸ್ ಮುಗಿಸಿ ಯಾದಗಿರಿಯಲ್ಲಿ ಒಬ್ಬ ಹಿರಿಯ ಡಾಕ್ಟರ ಕೈಕೆಳಗೆ ಸ್ಕ್ಯಾನಿಂಗ್ ಕಲಿಯುತ್ತಿದ್ದೆ. ವಾರಕ್ಕೆ ನಾಲ್ಕು ದಿನ ಯಾದಗಿರಿ, ಎರಡು ದಿನ ಶಹಾಪುರ. ನನಗೆ ಹೆಚ್ಚು ಹಿಡಿಸಿದ್ದು ಡಾಪ್ಲರ್, ಅಂದರೆ ರಕ್ತನಾಳದೊಳಗೆ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂದು ಧ್ವನಿಯಿಂದ ಅಳೆಯುವ ಕೆಲಸ. ಕುತ್ತಿಗೆಗೆ ಜೆಲ್ ಹಚ್ಚಿ ಯಂತ್ರದ ಹಿಡಿಯನ್ನು ಇಟ್ಟರೆ ಕಿವಿಗೆ ಕೇಳದ ಧ್ವನಿ ಒಳಗೆ ಹೋಗುತ್ತದೆ. ಓಡುತ್ತಿರುವ ರಕ್ತಕ್ಕೆ ತಾಗಿ ಸ್ವಲ್ಪ ಬದಲಾಗಿ ಮರಳುತ್ತದೆ. ಆ ಬದಲಾವಣೆಯಿಂದ ಯಂತ್ರ ಲೆಕ್ಕ ಹಾಕಿ ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಎಂದು ತೋರಿಸುತ್ತದೆ. ಮೊದಲ ದಿನ ಹಿರಿಯ ಡಾಕ್ಟರು ನನಗೆ ಹೇಳಿಕೊಟ್ಟದ್ದು ಹೀಗೆ:

“ಭೀಮರಾಯನಗುಡಿ ಕಡೆ ಕಾಲುವಿ ನೋಡೀಯಿಲ್ಲೋ? ಗೇಟ್ ಅರ್ಧ ಇಳಿಸಿದ್ರ ಸಂದಿನಾಗ ನೀರು ಹೆಂಗ ಓಡ್ತದ?”

“ಜೋರಾಗ್ತದ್ರಿ ಸರ್.”

“ನಾಳಾನೂ ಅಷ್ಟ. ಎಲ್ಲಿ ಇಕ್ಕಟ್ಟದೋ ಅಲ್ಲಿ ರಕ್ತ ಜೋರು. ದಾಟಿದ ಮ್ಯಾಲ ಸುಳಿ ಬೀಳ್ತದ. ಎರಡೂ ಕಾಣಬೇಕು. ಇನ್ನೊಂದು ಮಾತು, ಕೋನ. ಧ್ವನಿ ನಾಳಕ್ಕ ಅಡ್ಡಡ್ಡ ಬಿದ್ರ ಲೆಕ್ಕ ಕೆಡ್ತದ. ಅರವತ್ತು ಡಿಗ್ರಿ ದಾಟಿದ್ರ ಯಂತ್ರ ಸುಳ್ಳು ಹೇಳ್ತದ, ಇದ್ದದ್ದಕ್ಕಿಂತ ದೊಡ್ಡ ಸುಳ್ಳು.”

ಈ ಮಾತನ್ನು ನಾನು ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದುಕೊಂಡೆ. ನನ್ನ ಅಭ್ಯಾಸವೇ ಹಾಗೆ. ಪ್ರತಿ ಸ್ಕ್ಯಾನಿಗೂ ತಾರೀಖು, ಹಿಡಿದ ಸಮಯ, ಕೋನ, ವೇಗ. ಎಂಟು ತಿಂಗಳಲ್ಲಿ ಕುತ್ತಿಗೆಯ ಸ್ಕ್ಯಾನ್‌ಗಳು ನೂರಾ ತೊಂಬತ್ತಾರು. ಕುತ್ತಿಗೆಯ ಹಿಂಭಾಗದಲ್ಲಿ ಮೂಳೆಗಳ ನಡುವೆ ಮೇಲೇರುವ ಸಣ್ಣ ನಾಳವೊಂದಿದೆ. ಅದನ್ನು ಯಾರ ಸಹಾಯವೂ ಇಲ್ಲದೆ ಹುಡುಕಲು ನನಗೆ ನಲವತ್ತೊಂದು ರೋಗಿಗಳು ಬೇಕಾಗಿದ್ದರು.

ಆಕೆ ಅದನ್ನು ಮೂರನೇ ರೋಗಿಯಲ್ಲೇ ಹುಡುಕಿದಳು. ಹುಡುಕಿದ್ದು ತನಗೆ ಗೊತ್ತೂ ಇರಲಿಲ್ಲ. “ಸರ್, ಇಲ್ಲೊಂದು ಪುಟಾಣಿ ನಾಳ ಬಡ್ಕೊಳ್ಳಾಕತ್ತದ, ಇದ್ಯಾವುದ್ರಿ?” ಎಂದು ಕೇಳಿದಳು. ಹಿರಿಯ ಡಾಕ್ಟರು ಕುರ್ಚಿಯಿಂದ ಎದ್ದು ಬಂದರು. “ಭೇಷ್!” ಅಂದರು. ನನಗೆ ಎಂಟು ತಿಂಗಳಲ್ಲಿ ಆ ಶಬ್ದ ನಾಲ್ಕು ಸಲ ಸಿಕ್ಕಿತ್ತು. ಅದರಲ್ಲಿ ಒಂದು ಸಲ ಚಹಾಕ್ಕೆ.

ಅಂದಿನಿಂದ ಡೈರಿಯ ಕೊನೆಯ ಪುಟದಲ್ಲಿ ಎರಡು ಸಾಲು ಗೀಟು ಹಾಕತೊಡಗಿದೆ, ನನ್ನ ಭೇಷ್‌ಗಳು, ಆಕೆಯ ಭೇಷ್‌ಗಳು. ಜುಲೈ ಕೊನೆಗೆ ನನ್ನವು ಐದು, ಆಕೆಯವು ಹದಿನೇಳು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಆಗಿರಲಿಲ್ಲ. ಆಗ ನನಗನಿಸಿದ್ದು ಲೆಕ್ಕ ಸರಿಯಾಗಿರಬೇಕು ಎಂದಷ್ಟೇ.

ಆಕೆ ಏನೂ ಬರೆದುಕೊಳ್ಳುತ್ತಿರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸುತ್ತಿತ್ತು. ರೋಗಿ ಮಲಗಿದೊಡನೆ ಅವರ ಊರು, ಬೆಳೆ, ಮಗಳನ್ನು ಕೊಟ್ಟ ಮನೆ ಎಲ್ಲ ವಿಚಾರಿಸುತ್ತ ಅವರ ಕೈಕಾಲು ಸಡಿಲವಾಗುವವರೆಗೆ ಹಿಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ಕಕ್ಕೇರಾದಿಂದ ಬಂದ ಒಬ್ಬ ಅಜ್ಜಿ ತನ್ನ ನಾಳದ ಹುಶ್ ಹುಶ್ ಸದ್ದು ಕೇಳಿ ಗಾಬರಿಯಾಗಿ, “ಯವ್ವಾ, ಇದು ನನ್ನೊಳಗಿನ ಸಪ್ಪಳೇನ?” ಎಂದು ಕೇಳಿದಳು.

“ಹೌದಬೇ ಅಮ್ಮಾ. ನಿನ್ನೆದಿ ಇನ್ನೂ ಹಿಟ್ಟಿನ ಗಿರಣಿ ನಡಸಾಕತ್ತದ ನೋಡು.”

“ಹಂಗಾದ್ರ ಸೊಸಿನ್ನ ಕರಿ, ಕೇಳ್ಲಿ. ಮುದುಕಿ ಕೆಲಸಿಲ್ದ ಕುಂತಾಳ ಅಂತಾಳ.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ಗಡಿಯಾರ ನೋಡಿದೆ. ಆ ಸ್ಕ್ಯಾನಿಗೆ ಆಕೆ ತೆಗೆದುಕೊಂಡದ್ದು ಮೂವತ್ತೆಂಟು ನಿಮಿಷ, ನಾನಾದರೆ ಇಪ್ಪತ್ತೆರಡರಲ್ಲಿ ಮುಗಿಸುತ್ತಿದ್ದೆ. ಆದರೆ ಮುಂದಿನ ವಾರ ಅಜ್ಜಿಯ ಊರಿನ ಇನ್ನಿಬ್ಬರು ಬಂದು, “ಗಿರಣಿ ಡಾಕ್ಟರಮ್ಮ ಎಲ್ಲಿ?” ಎಂದು ಕೇಳಿದರು. ಇಪ್ಪತ್ತೆರಡು ನಿಮಿಷದವಳನ್ನು ಯಾರೂ ಕೇಳಲಿಲ್ಲ.

ಆಗಸ್ಟ್ ಆರರಂದು ಶಹಾಪುರದಲ್ಲಿ ನಾನೊಬ್ಬಳೇ ಇದ್ದೆ. ಹಿರಿಯ ಡಾಕ್ಟರು ಮಗಳ ಮದುವೆಗೆಂದು ಬೀದರಿಗೆ ಹೋಗಿದ್ದರು, ಆ ವಾರವೆಲ್ಲ ಫೋನಿನಲ್ಲೇ ಚಿತ್ರ ನೋಡಿ ಹೇಳುತ್ತಿದ್ದರು. ಆಕೆ ಯಾದಗಿರಿಯಲ್ಲಿದ್ದಳು. ಹನ್ನೊಂದರ ಹೊತ್ತಿಗೆ ಊರಿನ ಒಬ್ಬ ಹಿರಿಯರು ಬಂದರು, ಬಟ್ಟೆ ಅಂಗಡಿಯವರು, ಎಪ್ಪತ್ತರ ಆಸುಪಾಸು, ಹಣೆಯ ತುಂಬ ವಿಭೂತಿ. ಜೊತೆಗೆ ಸೊಸೆ. ಎರಡು ದಿನದ ಹಿಂದೆ ಬಲಗೈಯಲ್ಲಿದ್ದ ಚಹಾದ ಕಪ್ಪು ತಾನಾಗಿ ಜಾರಿ ಬಿದ್ದಿತ್ತಂತೆ. ಹತ್ತು ನಿಮಿಷ ನಾಲಿಗೆ ತಿರುಗಿರಲಿಲ್ಲ. ಆಮೇಲೆ ಎಲ್ಲ ಸರಿಹೋಗಿತ್ತು. ಬಲಗೈ ಸೋತಿದ್ದರೆ ಕುತ್ತಿಗೆಯ ಎಡನಾಳ ನೋಡಬೇಕು. ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿಗಳೂ ಅರ್ಧ ಸೋತಿದ್ದವು.

ಮಲಗಿಸಿದೆ. ಶಿವದಾರದಲ್ಲಿ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ, ಸರಿಯಾಗಿ ನಾನು ಜೆಲ್ ಹಚ್ಚಬೇಕಾದ ಕಡೆಗೇ ಸರಿದಿತ್ತು.

“ಅಜ್ಜಾರ, ಇದನ್ನ ಒಂದು ಐದು ನಿಮಿಷ ತೆಗೆದು ಇಡ್ತೀರೇನ್ರಿ?”

“ಇದು ಮೈಮ್ಯಾಲಿಂದ ಇಳಿಯಾಂಗಿಲ್ಲ ತಂಗಿ. ಹುಟ್ಟಿದಾಗ ಕಟ್ಟ್ಯಾರ. ನಿನ್ನ ಔಷಧ ಹತ್ತಬಾರ್ದು ಅಷ್ಟ, ನಾ ಹಿಡ್ಕೋತೀನಿ.”

ಹಾಗೆಂದು ಕರಡಿಗೆಯನ್ನು ದಾರಸಮೇತ ಮುಷ್ಟಿಯಲ್ಲಿ ಹಿಡಿದು ಗದ್ದದ ಕೆಳಗೆ ಒತ್ತಿಕೊಂಡರು. ಗದ್ದ ಎದೆಗಿಳಿಯಿತು, ಹೆಗಲು ಏರಿತು. ಕೈ ಸರಿಸಿ ಎನ್ನಲು ನನಗೆ ಧೈರ್ಯ ಬರಲಿಲ್ಲ. ನಮ್ಮ ಮನೆಯಲ್ಲಿ ಲಿಂಗ ಕಟ್ಟುವುದಿಲ್ಲ. ಮುಟ್ಟಿದರೆ ತಪ್ಪೋ, ಕೇಳಿದರೆ ತಪ್ಪೋ ನನಗೆ ಗೊತ್ತಿರಲಿಲ್ಲ. ಮುಷ್ಟಿಯ ಪಕ್ಕದಿಂದ, ಸಿಕ್ಕ ಸಂದಿನಲ್ಲಿ ಹಿಡಿಯನ್ನು ಒತ್ತಿ ನಾಳವನ್ನು ಹಿಡಿದೆ. ಅದು ಪರದೆಯ ಮೇಲೆ ಓರೆಯಾಗಿ ಬಾಗಿ ಕಾಣಿಸಿತು. ಕೋನದ ಗೀಟನ್ನು ತಿರುಗಿಸಿ ಹೇಗೋ ಹೊಂದಿಸಿದೆ. ಅಲೆ ಎದ್ದಿತು, ಎತ್ತರಕ್ಕೆ, ಚೂಪಾಗಿ.

ಇನ್ನೂರ ನಲವತ್ತು.

ಆರೋಗ್ಯವಂತ ನಾಳದಲ್ಲಿ ಅದು ನೂರಾ ಇಪ್ಪತ್ತೈದು ದಾಟಬಾರದು. ಇನ್ನೂರ ನಲವತ್ತೆಂದರೆ ನಾಳ ಮುಕ್ಕಾಲು ಪಾಲು ಮುಚ್ಚಿದೆ ಎಂದರ್ಥ. ಆ ಕ್ಷಣ ನನಗೆ ಮೊದಲು ಬಂದ ಯೋಚನೆ ಆ ಹಿರಿಯರದ್ದಲ್ಲ. ಇಷ್ಟು ದೊಡ್ಡ ಅಂಕಿ ಆಕೆಗೆ ಇನ್ನೂ ಸಿಕ್ಕಿಲ್ಲ ಎಂಬುದು. ಅಲೆಯ ಫೋಟೋ ತೆಗೆದು ಬೀದರಿಗೆ ಕಳಿಸಿದೆ. ಅಲೆ ಮಾತ್ರ ದೊಡ್ಡದಾಗಿ ಕಾಣುವಂತೆ ಕತ್ತರಿಸಿ ಕಳಿಸಿದೆ. ಕೋನ ಬರೆದಿರುವ ಪರದೆಯ ಮೂಲೆ ಹೊರಗುಳಿಯಿತು. ಬೇಕೆಂದೇ ಮಾಡಿದೆನೆಂದು ಹೇಳಲಾರೆ, ಕೈತಪ್ಪಿ ಎಂದೂ ಹೇಳಲಾರೆ.

ಐದು ನಿಮಿಷದಲ್ಲಿ ಫೋನ್ ಬಂತು. “ಭೇಷ್! ಚಲೋ ಹಿಡದಿ. ಹೈದರಾಬಾದ್ಗ ಕಳಸು. ಬಣ್ಣದ ಔಷಧ ಹಾಕಿ ಸಿಟಿ ಸ್ಕ್ಯಾನ್ ಮಾಡ್ತಾರ, ಖರೆ ಅನಿಸಿದ್ರ ಕೊಯ್ದು ಸಾಫ್ ಮಾಡ್ತಾರ. ಅದಕ್ಕ ಮೊದ್ಲು ನಮ್ಮ ನಿಯಮದ ಪ್ರಕಾರ ಆಕಿ ಕೈಯಾಗೂ ಒಮ್ಮಿ ಅಳಸು.”

ದೊಡ್ಡ ಅಂಕಿ ಬಂದರೆ ಇನ್ನೊಬ್ಬರು ಅಳೆಯಬೇಕು, ಇದು ನಮ್ಮಲ್ಲಿನ ಪದ್ಧತಿ. ಬಟ್ಟೆ ಅಂಗಡಿಯ ಹಿರಿಯರಿಗೆ ಎಲ್ಲ ತಿಳಿಸಿದೆ.

“ಕುತ್ತಿಗಿ ಕೊಯ್ಯೂದಾ?” ಅಂದರು. ಅಷ್ಟೇ. ಮುಷ್ಟಿ ಸಡಿಲಿಸಲೇ ಇಲ್ಲ.

“ಅದಕ್ಕಿಂತ ಮೊದ್ಲು ಬಣ್ಣ ಹಾಕ್ತೀವಂತೀರಲ್ರಿ,” ಎಂದಳು ಸೊಸೆ, “ಅದು ಕಿಡ್ನಿಗೆ ಆಗ್ತದೇನ್ರಿ? ಕಲಬುರ್ಗಿ ಡಾಕ್ಟರ್ ಹೇಳ್ಯಾರ, ಇವ್ರಿಗೆ ಬಣ್ಣದ ಟೆಸ್ಟ್ ಜೀವಕ್ಕ ಕುತ್ತು, ಬಾಳ ಜರೂರಿದ್ರಷ್ಟ ಅಂತ.”

“ಜರೂರದ್ರಿ,” ಅಂದೆ.

ಎಂಟರಂದು ಅವರು ಯಾದಗಿರಿಗೆ ಬಂದರು. ಮರುದಿನ ಮಧ್ಯಾಹ್ನದ ರೈಲಿಗೆ ಹೈದರಾಬಾದಿಗೆ ಟಿಕೆಟ್ ತೆಗೆಸಿಯಾಗಿತ್ತು. ದೋರನಹಳ್ಳಿಯಾಕೆ ಹಾಸಿಗೆಯ ಬಳಿ ಸ್ಟೂಲ್ ಎಳೆದುಕೊಂಡು ಕೂತಳು. ನಾನು ಗೋಡೆಗೆ ಆತು ನಿಂತೆ. ಹಿರಿಯರು ಮತ್ತೆ ಕರಡಿಗೆಯನ್ನು ಗದ್ದದ ಕೆಳಗೆ ಒತ್ತಿಕೊಂಡರು. ಆಕೆ ಜೆಲ್ ಬಾಟಲಿಯನ್ನು ಕೆಳಗಿಟ್ಟಳು.

“ಅಜ್ಜಾ, ಮುಂಜಾನಿ ಪೂಜಿಗೆ ಕುಂತಾಗ ಲಿಂಗ ಎಲ್ಲಿರ್ತದ?”

“ಎಡಗೈ ಅಂಗೈಯಾಗ.”

“ಹಂಗ ಇಟ್ಕೋ. ದಾರ ಉದ್ದ ಮಾಡ್ಕೋ, ಅಂಗೈ ಎದಿ ಮ್ಯಾಲ ಇಡು. ಮ್ಯಾಲ ಒಣ ವಸ್ತ್ರ ಹೊಚ್ಚತೀನಿ, ಒಂದು ಹನಿ ಹತ್ತಂಗಿಲ್ಲ. ನಮ್ಮಜ್ಜಾನೂ ಇಂಜೆಕ್ಷನ್ ತಗೊಳ್ಳಾಗ ಹಿಂಗ ಮಾಡ್ತಿದ್ದ. ಬಾಯಾಗ ಮಂತ್ರ, ಕಣ್ಣಾಗ ನೀರು.”

“ನಾ ಅಳಾಂವಲ್ಲ,” ಎಂದು ಹಿರಿಯರು ನಕ್ಕರು. ಲಿಂಗ ಅಂಗೈಗೆ ಬಂತು. ಗದ್ದ ಮೇಲೆದ್ದಿತು. ಹೆಗಲು ತಾನಾಗಿ ಕೆಳಗಿಳಿಯಿತು. ಪರದೆಯ ಮೇಲೆ ನಾಳ ನೇರವಾಗಿ ಹಾಸಿಕೊಂಡಿತು.

ಆಗ ನಾನು ಮಾಡಿದ್ದನ್ನು ಆ ದಿನದ ಪುಟದಲ್ಲಿ ಬರೆದಿಲ್ಲ. ಈಗ ಬರೆಯುತ್ತೇನೆ. ಗೋಡೆಗೆ ಆತು ನಿಂತು ಪರದೆ ನೋಡುತ್ತ ನಾನು ಒಳಗೊಳಗೇ ‘ಏರಲಿ, ಏರಲಿ’ ಎನ್ನುತ್ತಿದ್ದೆ. ಒಬ್ಬ ಮನುಷ್ಯನ ನಾಳ ಮುಚ್ಚಿರಲಿ ಎಂದು ಬಯಸುತ್ತಿದ್ದೆ. ನನ್ನ ಅಂಕಿ ಉಳಿಯಬೇಕಿತ್ತು.

ನೂರಾ ಹನ್ನೆರಡು.

ಆಕೆ ಮೂರು ಸಲ ಅಳೆದಳು. ನೂರಾ ಹನ್ನೆರಡು, ನೂರಾ ಹತ್ತು, ನೂರಾ ಹನ್ನೆರಡು. ನಾಳದ ಗೋಡೆಗೆ ಸ್ವಲ್ಪ ಕೊಬ್ಬು ಅಂಟಿದೆ, ಮಾತ್ರೆ ಬೇಕು, ಇಕ್ಕಟ್ಟೇನೂ ಇಲ್ಲ. ಹಿರಿಯರನ್ನೂ ಸೊಸೆಯನ್ನೂ ಹೊರಗೆ ಕೂರಿಸಿ ಬಂದು ಕೇಳಿದಳು.

“ನೀ ಅಳದಾಗ ಲಿಂಗ ಎಲ್ಲಿ ಹಿಡದಿದ್ರಬೇ?”

“ಹಿಂಗ, ಅಂಗೈಯಾಗ,” ಅಂದೆ.

ಆಕೆ ನನ್ನ ಮುಖ ನೋಡಿದಳು. ಗದ್ದದ ಕೆಳಗೆ ಒತ್ತಿಕೊಂಡದ್ದನ್ನು ಆಕೆ ಆಗಷ್ಟೇ ಕಂಡಿದ್ದಳು. ಆದರೂ “ಹೌದಾ?” ಎಂದಷ್ಟೇ ಹೇಳಿ ಬೀದರಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

“ಒಬ್ಬಾಕಿ ಇನ್ನೂರ ನಲವತ್ತು, ಒಬ್ಬಾಕಿ ನೂರಾ ಹನ್ನೆರಡು,” ಎಂದರು ಹಿರಿಯ ಡಾಕ್ಟರು. ಹಿಂದೆ ಬ್ಯಾಂಡಿನ ಸದ್ದು. “ಇದೇನು ಕುತ್ತಿಗ್ಯೋ, ಹವಾಮಾನೋ? ಏ ಸುರಪುರ, ಕೋನ ಬರಾಬರ್ ಇತ್ತಿಲ್ಲೋ?”

“ಇತ್ರಿ ಸರ್.”

“ಖರೆ?”

“ಖರೇರಿ.”

“ಹಂಗಾದ್ರ ದೊಡ್ಡದನ್ನ ಬಿಟ್ಟು ಕೂಡಾಕ ಬರಂಗಿಲ್ಲ. ನಾಳೆ ಪಾರ್ಶ್ವವಾಯು ಹೊಡದ್ರ ಯಾರ ಜವಾಬು? ಹೋಗ್ಲಿ ಹೈದರಾಬಾದ್ಗ.”

ಒಂಬತ್ತರಂದು ಶಹಾಪುರದಲ್ಲಿ ನನ್ನ ಪಾಳಿ. ಬೆಳಿಗ್ಗೆ ಎಂಟೂವರೆಗೆ ಕೋಣೆಯ ಬೀಗ ತೆಗೆದು, ರೋಗಿಗಳು ಬರುವ ಮೊದಲು ಯಂತ್ರದಲ್ಲಿ ಆರನೇ ತಾರೀಖಿನ ಚಿತ್ರ ತೆರೆದೆ. ಪೂರ್ತಿ ಪರದೆ. ಬಲ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕೋನ: ಎಪ್ಪತ್ತನಾಲ್ಕು. ಡೈರಿ ತೆಗೆದೆ. ಪ್ರತಿ ಸ್ಕ್ಯಾನಿಗೂ ಕೋನ ಬರೆಯುವ ನಾನು ಅಂದು ಆ ಒಂದು ಜಾಗ ಖಾಲಿ ಬಿಟ್ಟಿದ್ದೆ. ಅಂದರೆ ಕೈಗೆ ಗೊತ್ತಿತ್ತು.

ಕಾಗದದ ಮೇಲೆ ಲೆಕ್ಕ ಮಾಡಿದೆ. ನಾಳ ನಿಜವಾಗಿ ಇದ್ದ ದಿಕ್ಕು ಹಾಕಿ ನೋಡಿದರೆ ಇನ್ನೂರ ನಲವತ್ತು ಅರ್ಧಕ್ಕಿಳಿಯುತ್ತಿತ್ತು, ಹೆಚ್ಚೂಕಡಿಮೆ ಆಕೆಯ ಅಂಕಿಗೆ. ಅದೊಂದು ಸಾಲದೆಂಬಂತೆ, ಇಕ್ಕಟ್ಟು ದಾಟಿದ ಮೇಲೆ ಕಾಣಬೇಕಾದ ಸುಳಿ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ನಾನು ಹುಡುಕಿಯೇ ಇರಲಿಲ್ಲ.

ಅವರ ರೈಲು ಯಾದಗಿರಿಯಿಂದ ಎರಡೂಕಾಲಿಗೆ. ಶಹಾಪುರದಿಂದ ಹನ್ನೊಂದಕ್ಕೆ ಹೊರಡುವವರಿದ್ದರು. ನಾನು ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಸುಳ್ಳು ಹೇಳಲು ಸುಲಭವಾಗಿ ಬರುತ್ತದೆಂದು ಹಿಂದಿನ ದಿನವೇ ಕಂಡಿದ್ದೆ. ನಡೆದುಕೊಂಡೇ ಹೋದೆ.

ಅಂಗಡಿಯ ಹಿಂದೆ ಮನೆ. ಪಡಸಾಲೆಯಲ್ಲಿ ಸೊಸೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಹಿರಿಯರು ಸ್ನಾನ, ಪೂಜೆ ಮುಗಿಸಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು.

“ಬರ್ರಿ ಡಾಕ್ಟರ,” ಅಂದರು. “ಇನ್ನೇನರ ಕಾಗದ ಕೊಡೂದಿತ್ತೇನು?”

“ಇಲ್ರಿ. ನಾ ತಪ್ಪು ಅಳದೀನ್ರಿ. ನಿಮ್ಮ ನಾಳ ಮುಚ್ಚಿಲ್ಲ ಅನಸ್ತದ. ಆಕಿ ಅಳದದ್ದ ಖರೆ. ನನ್ನ ಕೋನ ತಪ್ಪಿತ್ತು, ಡಾಕ್ಟರು ಕೇಳಿದ್ರ ಬರಾಬರ್ ಇತ್ತಂತ ಸುಳ್ಳು ಹೇಳಿದೆ.”

ಸೊಸೆಯ ಕೈ ಗಂಟಿನ ಮೇಲೆಯೇ ನಿಂತಿತು.

“ಅಯ್ಯ ನಿಮ್ಮ! ಮೂರು ದಿನ ಈ ಮನಿಯಾಗ ಯಾರೂ ಬರಾಬರ್ ಉಂಡಿಲ್ಲ, ಗೊತ್ತದೇನ್ರಿ? ಬಣ್ಣ ಹಾಕಿ ಕಿಡ್ನಿ ಹೋಗಿದ್ರ? ಕುತ್ತಿಗಿ ಕೊಯ್ಸಿಕೊಂಡು ಬಂದಿದ್ರ? ಆಗ ಬಂದು ಹೇಳ್ತಿದ್ರೇನು, ತಪ್ಪಾತ್ರಿ ಅಂತ?”

ಹೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

“ಸುಮ್ಕಿರವ್ವಾ,” ಎಂದು ಹಿರಿಯರು ಎದ್ದು ನಿಂತರು. “ತಂಗಿ, ಯಾಕ ಸುಳ್ಳ ಹೇಳ್ದಿ? ನನ್ನ ಮ್ಯಾಲೇನು ಸಿಟ್ಟಿತ್ತೇನು?”

“ನಿಮ್ಮ ಮ್ಯಾಲಲ್ರಿ. ಆಕಿ ಮ್ಯಾಲ.”

ಅವರು ಶಲ್ಯ ತೆಗೆದು ಹೆಗಲಿಗೆ ಹಾಕಿಕೊಂಡರು. “ನಮ್ಮ ಓಣ್ಯಾಗೂ ಎರಡು ಬಟ್ಟಿ ಅಂಗಡಿ ಅದಾವ,” ಅಂದರು. “ನಡಿ, ಇನ್ನೊಮ್ಮಿ ಅಳಿ. ರೈಲಿಗೆ ಇನ್ನೂ ಟೈಮ್ ಅದ.”

ಸ್ಕ್ಯಾನ್ ಕೋಣೆಗೆ ಬಂದು ಬೀದರಿಗೆ ವಿಡಿಯೋ ಕರೆ ಹಚ್ಚಿ ಫೋನನ್ನು ಪೂರ್ತಿ ಪರದೆ ಕಾಣುವಂತೆ ಸ್ಟ್ಯಾಂಡಿಗೆ ಕಟ್ಟಿದೆ. ಮೊದಲು ಎಪ್ಪತ್ತನಾಲ್ಕರ ಚಿತ್ರ ತೋರಿಸಿದೆ. ಹಿರಿಯ ಡಾಕ್ಟರು ಬೈಯಲಿಲ್ಲ. “ಮುಂದ ನಡಿ” ಎಂದಷ್ಟೇ ಅಂದರು. ಬೈದಿದ್ದರೆ ಸುಲಭವಾಗುತ್ತಿತ್ತು. ಲಿಂಗ ಅಂಗೈಯಲ್ಲಿ, ಅಂಗೈ ಎದೆಯ ಮೇಲೆ, ಮೇಲೆ ಒಣ ವಸ್ತ್ರ. ಕೇಳಿದರೆ ಸಾಕಿತ್ತು, ಹೇಳಿಕೊಡುವವರು ಎದುರಿಗೇ ಮಲಗಿದ್ದರು. ಕೋನ ಐವತ್ತೆಂಟು. ವೇಗ ನೂರಾ ಹದಿನೈದು. ಮುಂದೆ ಸುಳಿ ಇಲ್ಲ.

ಎದೆ ಹಗುರವಾಯಿತು. ಮರುಕ್ಷಣವೇ, ಆಕೆಯದು ನೂರಾ ಹನ್ನೆರಡು, ನನ್ನದು ನೂರಾ ಹದಿನೈದು, ಇವೆರಡರಲ್ಲಿ ಹೆಚ್ಚು ಸರಿ ಯಾವುದು ಎಂಬ ಯೋಚನೆ ಬಂತು. ಅಷ್ಟೆಲ್ಲ ಆದ ಮೇಲೂ ಬಂತು.

“ಹೈದರಾಬಾದ್ ಬ್ಯಾಡ,” ಎಂದರು ಹಿರಿಯ ಡಾಕ್ಟರು. “ಮಾತ್ರಿ ಇವತ್ತ ಸುರು ಮಾಡ್ರಿ, ಸೋಮವಾರ ನಾನ ಬಂದು ಕೈಯಾರೆ ನೋಡ್ತೀನಿ. ಏ ಸುರಪುರ, ನೀ ಒಂದು ತಿಂಗಳು ಒಬ್ಬಾಕಿನ ಅಳ್ಯಾಂಗಿಲ್ಲ. ಆಕಿ ಬಾಜೂಕ ಕುಂದ್ರು.”

ಸೋಮವಾರ ಅವರು ಅಳೆದಾಗ ಬಂದದ್ದು ನೂರಾ ಹದಿಮೂರು. ವರದಿಯಲ್ಲಿ ನನ್ನ ಮೊದಲ ಅಂಕಿಯನ್ನು ಅಡ್ಡಗೀಟು ಹಾಕಿ ಹೊಡೆದು, ಪಕ್ಕದಲ್ಲಿ ನನ್ನ ಕೈಯಿಂದಲೇ ‘ಕೋನದ ತಪ್ಪು’ ಎಂದು ಬರೆಸಿದರು.

ಒಂದು ತಿಂಗಳು ಆಕೆಯ ಪಕ್ಕ ಕೂತೆ. ಮೊದಲ ದಿನವೇ ಆಕೆ ಚಹಾ ತಂದಿಟ್ಟು, “ನನಗೂ ಆಗ್ತಿತ್ತಬೇ. ನಾ ಲಿಂಗ ಕಟ್ಟೂ ಮನ್ಯಾಗ ಹುಟ್ಟೀನಂತ ಗೊತ್ತಾತು, ಅಷ್ಟ,” ಅಂದಳು. ಒಳ್ಳೆಯ ಮಾತು. ಖರೆ ಮಾತೂ ಇರಬಹುದು. ಆ ಚಹಾ ಕುಡಿಯದೆ ಆರಲು ಬಿಟ್ಟೆ. ಆಕೆ ನನ್ನ ಸುಳ್ಳನ್ನು ಕಣ್ಣಾರೆ ಹಿಡಿದೂ ಯಾರಿಗೂ ಹೇಳಿರಲಿಲ್ಲ. ಅದರಲ್ಲೂ ಆಕೆ ನನಗಿಂತ ಮುಂದೆ ಇದ್ದಳು.

ನವೆಂಬರ್ ಹನ್ನೆರಡರಂದು ಆ ಹಿರಿಯರು ಮರುತಪಾಸಣೆಗೆ ಶಹಾಪುರದ ಕೋಣೆಗೆ ಬಂದರು. ಬಲಗೈ ಚೆನ್ನಾಗಿತ್ತು. ಸೊಸೆ ನನ್ನತ್ತ ನೋಡದೆ ಬೆಂಚಿನ ಮೇಲೆ ಕೂತಳು. ದೋರನಹಳ್ಳಿಯಾಕೆ ಅಂದು ತನ್ನ ಊರಿಗೆ ಹೋಗಿದ್ದಳು. ನಾನು ಹಾಸಿಗೆಗೆ ಹೊಸ ಹಾಳೆ ಹಾಸಿ, ಒಣ ವಸ್ತ್ರ ತೆಗೆದಿಟ್ಟೆ.

“ಗಿರಣಿ ಡಾಕ್ಟರಮ್ಮ ಇಲ್ಲೇನು?”

ಆ ಹೆಸರು ಶಹಾಪುರದವರೆಗೂ ಬಂದಿತ್ತು. “ನಾಳೆ ಬರ್ತಾಳ್ರಿ ಅಜ್ಜಾರ. ನಾ ನೋಡ್ತೀನಿ ಬರ್ರಿ. ಈಗ ಬರಾಬರ್ ಅಳೀತೀನಿ.”

ಅವರು ಹಾಸಿಗೆ ನೋಡಿದರು, ನನ್ನನ್ನು ನೋಡಿದರು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು.

“ಸಿಟ್ಟಾಗಬ್ಯಾಡ ತಂಗಿ. ಮನೀತನಕ ನಡಕೋತ ಬಂದು ಖರೆ ಹೇಳಿದಾಕಿ ನೀನು, ಅದನ್ನ ನಾ ಮರಿಯಾಂಗಿಲ್ಲ. ಆದ್ರ ಅಳ್ಯಾಕ ಆಕಿ ಇರ್ಲಿ. ನಾಳೆ ಬರ್ತೀನಿ.”

ಅವರು ಮೆಟ್ಟಿಲಿಳಿದು ಹೋಗುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಂದು ಮರುದಿನದ ಪಟ್ಟಿ ತೆಗೆದೆ. ಆಕೆಯ ಪಾಳಿಯಲ್ಲಿ ಆಗಲೇ ಹನ್ನೊಂದು ಜನರಿದ್ದರು, ನನ್ನದರಲ್ಲಿ ನಾಲ್ಕು. ವಯಸ್ಸಾದವರು ಹಸಿದು ಕಾಯಬಾರದೆಂದು ಅವರ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದೆ, ಆಕೆಯ ಪಾಳಿಯಲ್ಲಿ. ಬರೆದ ಮೇಲೆ ಎರಡೂ ಪಾಳಿಗಳನ್ನು ಮತ್ತೆ ಎಣಿಸಿದೆ: ಆಕೆಗೆ ಹನ್ನೆರಡು, ನನಗೆ ನಾಲ್ಕು.